ಹಣ್ಣು ನೋಡುವ ಕಣ್ಣು: ಜುಹುವಿನ ನ್ಯಾಚುರಲ್ಸ್ ಐಸ್‌ಕ್ರೀಂ

ಸೀತಾಫಲವನ್ನು ಬಾಯಿಗಿಟ್ಟ ಕೂಡಲೇ ನಾಲಿಗೆ ಬೀಜವನ್ನು ಹುಡುಕುತ್ತದೆ. ಹಿತ್ತಲಿನ ಮರದ ಹಣ್ಣು ತಿಂದು ಬೆಳೆದವರಿಗೆ ಇದು ಬಿಡಲಾಗದ ಅಭ್ಯಾಸ. ಕಳೆದ ಅಕ್ಟೋಬರಿನ ಒಂದು ಸಂಜೆ ಜುಹು ಸ್ಕೀಂನ ನ್ಯಾಚುರಲ್ಸ್ ಅಂಗಡಿಯಲ್ಲಿ ಸೀತಾಫಲದ ಐಸ್‌ಕ್ರೀಂ ತಿನ್ನುವಾಗಲೂ ನನ್ನ ನಾಲಿಗೆ ಅದನ್ನೇ ಮಾಡಿತು. ತೊಳೆಯ ನಾರು ಸಿಕ್ಕಿತು, ಸಿಪ್ಪೆಗೆ ಹತ್ತಿರವಿರುವ ತಿರುಳಿನಲ್ಲಿರುವ ಮರಳಿನಂಥ ಸಣ್ಣ ಹರಳೂ ಸಿಕ್ಕಿತು, ಬೀಜ ಮಾತ್ರ ಸಿಗಲಿಲ್ಲ. ಸುವಾಸನೆಯ ದ್ರವವನ್ನು ಹಾಲಿಗೆ ಸುರಿದು ಮಾಡಿದ ಐಸ್‌ಕ್ರೀಮಿನಲ್ಲಿ ನಾಲಿಗೆಗೆ ಹುಡುಕುವ ಕೆಲಸವೇ ಇರುವುದಿಲ್ಲ. ಇಲ್ಲಿ ಹಣ್ಣು ಇದ್ದುದರಿಂದಲೇ ಬೀಜದ ನೆನಪಾಯಿತು.

ನನ್ನ ಜೊತೆಗೆ ಅಣ್ಣನ ಮಗನಿದ್ದ. ಕುಂದಾಪುರದಿಂದ ಬಂದು ಎರಡು ವರ್ಷದಿಂದ ಅಂಧೇರಿಯಲ್ಲಿ ಕೆಲಸ ಮಾಡುತ್ತಿರುವ ಅವನು, ನೌಕರಿ ಬಿಟ್ಟು ಪುನರ್ಪುಳಿ (ಕೋಕಂ) ಶರಬತ್ತಿನ ಉದ್ಯಮ ಆರಂಭಿಸುವ ಯೋಚನೆಯಲ್ಲಿದ್ದಾನೆ. ವಾರಾಂತ್ಯದ ತರಬೇತಿಯೊಂದಕ್ಕೆ ಹಣ ಕಟ್ಟಿ, ಯಶಸ್ವಿ ಉದ್ಯಮಿಯಲ್ಲಿ ಇರಬೇಕಾದ ಗುಣಗಳ ಪಟ್ಟಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ. ಧೈರ್ಯ, ದೂರದೃಷ್ಟಿ, ಛಲ, ನಾಯಕತ್ವ, ಸೋಲನ್ನು ಸಹಿಸುವ ಮನಸ್ಸು: ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ಪದಗಳು ಸೈನಿಕನಿಗೂ ಒಪ್ಪುತ್ತವೆ, ಕುಸ್ತಿಪಟುವಿಗೂ ಒಪ್ಪುತ್ತವೆ. ಶರಬತ್ತು ಮಾಡಹೊರಟವನು ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಮಾತ್ರ ಹೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ತಿಂದು ತಿಳಿಯಬಹುದಾದ ಜಾಗ ಮುಂಬಯಿಯಲ್ಲಿ ಒಂದಿದೆ ಎಂದು ನನಗೆ ಅನ್ನಿಸಿದ್ದರಿಂದ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಆದ್ದರಿಂದ ಈ ವಿಮರ್ಶೆ ಐಸ್‌ಕ್ರೀಮಿನದೂ ಹೌದು, ಅದನ್ನು ಕಟ್ಟಿದವರ ಮನೋಧರ್ಮದ್ದೂ ಹೌದು.

ನ್ಯಾಚುರಲ್ಸ್ ಸ್ಥಾಪಕ ರಘುನಂದನ ಶ್ರೀನಿವಾಸ ಕಾಮತರು ನಮ್ಮ ಕರಾವಳಿಯವರು, ಮೂಲ್ಕಿ ಕಡೆಯವರು. ಅವರ ತಂದೆ ಹಣ್ಣಿನ ವ್ಯಾಪಾರಿ. ಯಾವ ಹಣ್ಣು ಇಂದು ಪಕ್ವವಾಗಿದೆ, ಯಾವುದು ನಾಳೆಗೆ, ಯಾವುದು ಹೊರಗೆ ಚೆಂದವಿದ್ದು ಒಳಗೆ ಹಾಳಾಗಿದೆ ಎಂಬುದನ್ನು ಮಗ ತಂದೆಯ ಜೊತೆಗಿದ್ದು ಕಲಿತರು. ಹದಿಹರೆಯದಲ್ಲೇ ಮುಂಬಯಿಗೆ ಬಂದು ಅಣ್ಣನ ಹೋಟೆಲಾದ ಗೋಕುಲ್‌ನಲ್ಲಿ ದುಡಿದರು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ಬೆರಳೆಣಿಕೆಯ ಕೆಲಸಗಾರರೊಂದಿಗೆ ತಮ್ಮದೇ ಸಣ್ಣ ಅಂಗಡಿ ತೆರೆದರು. ಹಣ್ಣು, ಹಾಲು, ಸಕ್ಕರೆ, ಇಷ್ಟೇ ಸಾಮಗ್ರಿ. ಇಂದು ಆ ಹೆಸರಿನ ಅಂಗಡಿಗಳು ದೇಶದ ಹಲವು ನಗರಗಳಲ್ಲಿ ನೂರೈವತ್ತಕ್ಕೂ ಹೆಚ್ಚಿವೆ. ಕಾಮತರು 2024ರ ಮೇ 17ರಂದು ತೀರಿಕೊಂಡರು.

ಅಂಗಡಿಗಳ ಸಂಖ್ಯೆಯನ್ನು ಕೇಳಿ ಬೆರಗಾಗುವುದು ಸುಲಭ. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡುವುದು ಅವರು ಸೀತಾಫಲವನ್ನು ಆರಿಸಿಕೊಂಡ ಸಂಗತಿ. ಐಸ್‌ಕ್ರೀಂ ಮಾಡುವವರಿಗೆ ಸೀತಾಫಲಕ್ಕಿಂತ ತೊಡಕಿನ ಹಣ್ಣು ಹುಡುಕಿದರೂ ಸಿಗುವುದು ಕಷ್ಟ. ಕಾಯಿಯಾಗಿದ್ದಾಗ ಕಲ್ಲಿನಂತಿದ್ದು, ಹಣ್ಣಾದ ಮೇಲೆ ಒಂದೆರಡು ದಿನಗಳಲ್ಲಿ ಕೈಯಲ್ಲೇ ಕುಸಿಯುತ್ತದೆ. ಒಂದೊಂದು ತೊಳೆಗೂ ಒಂದೊಂದು ಬೀಜ ಅಂಟಿಕೊಂಡಿರುತ್ತದೆ, ಆ ಬೀಜ ಒಡೆದರೆ ತಿರುಳು ಕೆಡುತ್ತದೆ. ಬಿಡಿಸಿಟ್ಟ ತಿರುಳು ಗಾಳಿಗೆ ಕಂದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಬಿಸಿಮಾಡಿದರೆ ಕಹಿಯಾಗುತ್ತದೆ. ಮಾವಿನ ರಸವನ್ನು ಕಾಯಿಸಿ ಡಬ್ಬಿಯಲ್ಲಿ ತುಂಬಿ ವರ್ಷಗಟ್ಟಲೆ ಇಡಬಹುದು, ಸ್ಟ್ರಾಬೆರಿಯನ್ನು ಜಾಮ್ ಮಾಡಬಹುದು. ಸೀತಾಫಲಕ್ಕೆ ಆ ಮಾರ್ಗಗಳಿಲ್ಲ. ಹಣ್ಣು ಪಕ್ವವಾದ ಗಳಿಗೆಯಲ್ಲೇ ತಿರುಳು ತೆಗೆದು ತಣ್ಣಗಾಗಿಸಬೇಕು, ಇಲ್ಲವೇ ಅದನ್ನು ಬಿಟ್ಟುಬಿಡಬೇಕು. ಇಂಥ ಹಣ್ಣನ್ನು ತನ್ನ ಅಂಗಡಿಯ ಹೆಗ್ಗುರುತಾಗಿ ಮಾಡಿಕೊಳ್ಳಬೇಕಾದರೆ, ಗಡಿಯಾರ ನೋಡದೆ ಹಣ್ಣಿನ ಮೈ ಮುಟ್ಟಿ ಸಮಯ ಹೇಳಬಲ್ಲ ತಿಳಿವಳಿಕೆ ಬೇಕು. ಪುಸ್ತಕ ಓದಿದವರಿಗಿಂತ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಕುಳಿತು ಬೆಳೆದವರಿಗೆ ಅದು ಬೇಗ ದಕ್ಕುತ್ತದೆ.

ಎಲ್ಲವನ್ನೂ ಕೈಯಲ್ಲೇ ಮಾಡುತ್ತ ಕುಳಿತಿದ್ದರೆ ಈ ಐಸ್‌ಕ್ರೀಂ ಜುಹು ದಾಟಿ ಹೋಗುತ್ತಿರಲಿಲ್ಲ. ಹಣ್ಣಿನ ಸಿಪ್ಪೆ, ಬೀಜ, ತಿರುಳುಗಳನ್ನು ಬೇರ್ಪಡಿಸುವುದಕ್ಕೆ ಮಾರುಕಟ್ಟೆಯಲ್ಲಿ ಸಿದ್ಧ ಯಂತ್ರಗಳು ಸಿಗದಿದ್ದಾಗ ಕಾಮತರು ತಮ್ಮ ಅಗತ್ಯಕ್ಕೆ ತಕ್ಕಂತೆ ಯಂತ್ರಗಳನ್ನು ರೂಪಿಸಿಕೊಂಡರು. ಅಣ್ಣನ ಮಗನ ಪಟ್ಟಿಯಲ್ಲಿ ‘ನಾವೀನ್ಯ’ ಎಂಬ ಪದವಿತ್ತು. ಆ ಪದವನ್ನು ಕೇಳಿದಾಗ ಅವನ ಕಣ್ಣ ಮುಂದೆ ಬರುವುದು ಮೊಬೈಲಿನ ಆ್ಯಪ್. ಸೀತಾಫಲದ ಬೀಜ ಒಡೆಯದಂತೆ ತಿರುಳನ್ನು ಮಾತ್ರ ಹೊರತೆಗೆಯುವ ಯಂತ್ರವೊಂದನ್ನು ಯೋಚಿಸಬೇಕಾದರೆ, ಮೊದಲು ಆ ಬೀಜವನ್ನು ಸಾವಿರ ಸಲ ಕೈಯಿಂದ ತೆಗೆದು ಬೇಸರಪಟ್ಟಿರಬೇಕು ಎಂದು ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡದೆ ಕಪ್ಪಿನಲ್ಲಿ ಉಳಿದಿದ್ದನ್ನು ಕೆರೆದು ತಿಂದ.

ಇನ್ನು ಐಸ್‌ಕ್ರೀಮಿನ ಮೈಕಟ್ಟಿನ ಮಾತು. ಐಸ್‌ಕ್ರೀಮಿನಲ್ಲಿ ಹಾಲು, ಸಕ್ಕರೆಗಳ ಜೊತೆಗೆ ಗಾಳಿಯೂ ಒಂದು ಸಾಮಗ್ರಿ. ಕಡೆಯುವಾಗ ಸೇರಿಸುವ ಗಾಳಿ ಇಲ್ಲದಿದ್ದರೆ ಅದು ಬರ್ಫದ ಗಡ್ಡೆಯಾಗುತ್ತದೆ, ಹೆಚ್ಚಾದರೆ ಬಾಯಲ್ಲಿ ನೊರೆಯಂತೆ ಕರಗಿ ಏನೂ ಉಳಿಯುವುದಿಲ್ಲ. ಗಾಳಿ ಬಿಟ್ಟಿಯಾಗಿ ಸಿಗುವುದರಿಂದ ಅದನ್ನು ಹೆಚ್ಚಿಸುವ ಆಸೆ ತಯಾರಕರಿಗೆ ಇದ್ದೇ ಇರುತ್ತದೆ. ನಮ್ಮ ದೇಶದ ಆಹಾರ ನಿಯಮದಂತೆ ಐಸ್‌ಕ್ರೀಂ ಎಂದು ಕರೆಸಿಕೊಳ್ಳುವ ವಸ್ತುವಿನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 10 ಇರಬೇಕು, ಒಂದು ಲೀಟರು ಕನಿಷ್ಠ 525 ಗ್ರಾಂ ತೂಗಬೇಕು. ವನಸ್ಪತಿ ಕೊಬ್ಬಿನಿಂದ ಮಾಡಿದ್ದಕ್ಕೆ ‘ಫ್ರೋಜನ್ ಡೆಸರ್ಟ್’ ಎಂದೇ ಚೀಟಿ ಹಚ್ಚಬೇಕು. ಓದುಗರು ಮುಂದಿನ ಸಲ ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಲೀಟರಿನ ಜೊತೆಗೆ ಗ್ರಾಂ ಎಷ್ಟೆಂದು ನೋಡುವುದು ಒಳ್ಳೆಯದು. ಗಾಳಿಗೆ ಎಷ್ಟು ಹಣ ಕೊಡುತ್ತಿದ್ದೇವೆಂದು ಅದರಿಂದ ತಿಳಿಯುತ್ತದೆ. ಜುಹುವಿನ ಕಪ್ಪಿನಲ್ಲಿದ್ದ ಐಸ್‌ಕ್ರೀಂ ಚಮಚಕ್ಕೆ ಭಾರವಾಗಿತ್ತು, ಕರಗಿದ ಮೇಲೂ ಹಾಲಿನ ದಪ್ಪ ನಾಲಿಗೆಯ ಮೇಲೆ ಉಳಿದಿತ್ತು. ನನ್ನ ರುಚಿಗೆ ಸಕ್ಕರೆ ಒಂದು ಚಿಟಿಕೆ ಕಡಿಮೆ ಇದ್ದರೂ ನಡೆಯುತ್ತಿತ್ತು, ಆದರೆ ತಣ್ಣನೆಯ ಪದಾರ್ಥದಲ್ಲಿ ಸಿಹಿ ಮಂಕಾಗುವುದರಿಂದ ಮಾಡುವವರು ಅದನ್ನು ಸ್ವಲ್ಪ ಮುಂದೆ ಇಡುವುದು ಸಹಜ.

ಕಾಮತರ ಕಥೆಯಲ್ಲಿ ಎಲ್ಲರೂ ಹೇಳುವ ಒಂದು ಪ್ರಸಂಗವಿದೆ. ಅಂಗಡಿ ತೆರೆದಾಗ ಬರೀ ಐಸ್‌ಕ್ರೀಮಿಗಾಗಿ ಜನ ಬರುತ್ತಾರೆಂಬ ಭರವಸೆ ಅವರಿಗೆ ಇರಲಿಲ್ಲ. ಆದ್ದರಿಂದ ಪಾವ್‌ಭಾಜಿಯನ್ನು ಮುಖ್ಯ ತಿಂಡಿಯಾಗಿ ಮಾರಿ, ಖಾರ ತಿಂದವರಿಗೆ ತಂಪಿಗೆಂದು ಐಸ್‌ಕ್ರೀಂ ಕೊಡುತ್ತಿದ್ದರು. 1985ರ ಹೊತ್ತಿಗೆ ಪಾವ್‌ಭಾಜಿಯನ್ನು ನಿಲ್ಲಿಸಿ ಐಸ್‌ಕ್ರೀಂ ಒಂದನ್ನೇ ಉಳಿಸಿಕೊಂಡರು. ಇದನ್ನು ಹೇಳುವವರು ಸಾಮಾನ್ಯವಾಗಿ ಮೊದಲ ಭಾಗವನ್ನು ಮೆಚ್ಚುತ್ತಾರೆ: ಖಾರದ ಪಕ್ಕದಲ್ಲಿ ಸಿಹಿಯಿಟ್ಟ ಜಾಣ್ಮೆಯನ್ನು. ನನಗೆ ಎರಡನೆಯ ಭಾಗವೇ ದೊಡ್ಡದಾಗಿ ಕಾಣುತ್ತದೆ. ಮುಂಬಯಿಯಲ್ಲಿ ಪಾವ್‌ಭಾಜಿ ಮಾರಿ ಯಾರೂ ಹಸಿದಿಲ್ಲ. ದಿನವೂ ಗಲ್ಲಾಪೆಟ್ಟಿಗೆ ತುಂಬಿಸುವ, ಗಿರಾಕಿಯನ್ನು ಒಳಗೆ ಕರೆತರುವ ತಿಂಡಿಯನ್ನು ಒಂದೆರಡು ವರ್ಷದೊಳಗೆ ಕೈಬಿಡುವುದಕ್ಕೆ ಆರಂಭಿಸುವ ಧೈರ್ಯಕ್ಕಿಂತ ಹೆಚ್ಚಿನ ಧೈರ್ಯ ಬೇಕು, ಯಾಕೆಂದರೆ ಆರಂಭದಲ್ಲಿ ಕಳೆದುಕೊಳ್ಳುವುದಕ್ಕೆ ಇನ್ನೂ ಏನೂ ಬಂದಿರುವುದಿಲ್ಲ.

ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಡೊಂಬಿವಲಿಯ ನಮ್ಮ ಮನೆಯಿಂದ ಮೂರು ವರ್ಷ ನಾನು ಹೋಳಿಗೆ ಮಾಡಿ ಮಾರಿದ್ದೇನೆ. ಕಾಯಿ ಹೋಳಿಗೆ ಚೆನ್ನಾಗಿ ಬರುತ್ತಿತ್ತು, ಆ ಭಾಗದ ಕನ್ನಡಿಗರ ಮನೆಗಳಿಂದ ಹಬ್ಬಕ್ಕೆ ಮುಂಗಡ ಬೇಡಿಕೆ ಬರುತ್ತಿತ್ತು. ಒಬ್ಬರು ಚಕ್ಕುಲಿ ಕೇಳಿದರು, ಅದನ್ನೂ ಸೇರಿಸಿದೆ. ಇನ್ನೊಬ್ಬರು ಹಪ್ಪಳ, ಮತ್ತೊಬ್ಬರು ನೀರುಮಾವಿನ ಉಪ್ಪಿನಕಾಯಿ, ಬಳಿಕ ಸಾರಿನ ಪುಡಿ. ಕೇಳಿದವರಿಗೆ ಇಲ್ಲವೆನ್ನುವುದು ವ್ಯಾಪಾರಕ್ಕೆ ಒಪ್ಪದ ಮಾತೆಂದು ಭಾವಿಸಿದ್ದೆ. ಎರಡನೆಯ ವರ್ಷದ ಕೊನೆಗೆ ಹದಿನಾರು ಪದಾರ್ಥಗಳಿದ್ದವು, ಹೋಳಿಗೆಯ ಹೂರಣ ರುಬ್ಬುವುದಕ್ಕೆ ನನಗೆ ಸಮಯವಿರಲಿಲ್ಲ. ಸಹಾಯಕ್ಕೆ ಬಂದವರು ರುಬ್ಬಿದ ಹೂರಣದಲ್ಲಿ ಕಾಯಿಯ ತರಿ ಉಳಿಯುತ್ತಿತ್ತು, ಹೋಳಿಗೆ ಲಟ್ಟಿಸುವಾಗ ಹರಿಯುತ್ತಿತ್ತು. ಹಳೆಯ ಗಿರಾಕಿಗಳು ದೂರಲಿಲ್ಲ, ಸುಮ್ಮನೆ ಕೇಳುವುದನ್ನು ನಿಲ್ಲಿಸಿದರು. ಮೂರನೆಯ ವರ್ಷ ಯುಗಾದಿಯ ನಂತರ ಮುಚ್ಚಿದೆ. ನನ್ನಲ್ಲಿ ಛಲವಿರಲಿಲ್ಲವೆಂದು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದೇನೆ, ಜ್ವರದಲ್ಲೂ ಒಲೆಯ ಮುಂದೆ ನಿಂತಿದ್ದೇನೆ. ಯಾವುದನ್ನು ಬಿಡಬೇಕೆಂಬ ತಿಳಿವಳಿಕೆ ನನ್ನಲ್ಲಿ ಇರಲಿಲ್ಲ. ಅಣ್ಣನ ಮಗನ ಯೋಜನೆಯಲ್ಲಿ ಪುನರ್ಪುಳಿಯ ಜೊತೆಗೆ ನೆಲ್ಲಿ, ಶುಂಠಿ, ಒಂದೆಲಗ, ಬೆಲ್ಲದ ಪಾನಕ ಎಂದು ಹದಿನಾಲ್ಕು ಬಗೆ ಇರುವುದನ್ನು ಓದಿದಾಗ ನನ್ನ ಎದೆ ಡವಗುಟ್ಟಿದ್ದು ಅದಕ್ಕಾಗಿಯೇ.

ನ್ಯಾಚುರಲ್ಸ್‌ನಲ್ಲಿಯೂ ಬಗೆಗಳು ಬಹಳವಿವೆಯಲ್ಲ ಎಂದು ಅವನು ಕೇಳಿದ. ಪ್ರಶ್ನೆ ಸರಿಯಾದದ್ದೇ. ಆದರೆ ಆ ಬಗೆಗಳೆಲ್ಲ ಒಂದೇ ಕೆಲಸದ ಕೊಂಬೆಗಳು. ಹಣ್ಣು ಬದಲಾಗುತ್ತದೆ, ಹಣ್ಣನ್ನು ನೋಡುವ ಕಣ್ಣು ಅದೇ ಇರುತ್ತದೆ. ಹಪ್ಪಳದ ಒಣಗುವಿಕೆ, ಉಪ್ಪಿನಕಾಯಿಯ ಉಪ್ಪು, ಹೋಳಿಗೆಯ ಕಣಕ ಇವು ಮೂರು ಬೇರೆ ಬೇರೆ ವಿದ್ಯೆಗಳು, ಒಂದರಲ್ಲಿ ಪಳಗಿದ ಕೈ ಇನ್ನೊಂದಕ್ಕೆ ತಾನಾಗಿ ಒದಗುವುದಿಲ್ಲ.

ಮುಂಬಯಿಯ ಸುತ್ತಲಿನ ನೆಲವೂ ಈ ಉದ್ಯಮದ ಪಾಲುದಾರನೆಂದು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಉತ್ತರಕ್ಕೆ ಪಾಲ್ಘರ್ ಜಿಲ್ಲೆಯ ಡಹಾಣು, ಘೋಲ್ವಡದಲ್ಲಿ ಚಿಕ್ಕು. ದಕ್ಷಿಣಕ್ಕೆ ರತ್ನಾಗಿರಿ, ದೇವಗಡದಲ್ಲಿ ಆಪೂಸು. ಘಟ್ಟದ ಮೇಲೆ ಮಹಾಬಳೇಶ್ವರದಲ್ಲಿ ಸ್ಟ್ರಾಬೆರಿ. ಪುಣೆಯ ಪುರಂದರ ತಾಲ್ಲೂಕಿನ ಸಾಸವಡದ ಸುತ್ತ ಸೀತಾಫಲ ಮತ್ತು ಅಂಜೂರ. ಘೋಲ್ವಡದ ಚಿಕ್ಕು, ಪುರಂದರದ ಅಂಜೂರ, ಮಹಾಬಳೇಶ್ವರದ ಸ್ಟ್ರಾಬೆರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ರಾತ್ರಿ ಹೊರಟ ಟೆಂಪೊ ಬೆಳಗಾಗುವುದರೊಳಗೆ ವಾಶಿಯ ಸಗಟು ಮಾರುಕಟ್ಟೆಗೆ ಬಂದು ನಿಲ್ಲುವಷ್ಟು ಹತ್ತಿರದಲ್ಲಿ ಇಷ್ಟು ಬಗೆಯ ಹಣ್ಣು ಬೆಳೆಯುವ ಮಹಾನಗರ ಇನ್ನೊಂದು ಸಿಗುವುದು ಕಷ್ಟ. ಆ ಸೌಲಭ್ಯ 1984ರಲ್ಲಿ ಊರಿನ ಎಲ್ಲ ಐಸ್‌ಕ್ರೀಂ ತಯಾರಕರಿಗೂ ಇತ್ತು.

ಅದೇ ನ್ಯಾಯದಿಂದ ಮತ್ತೊಂದು ಮಾತನ್ನೂ ಹೇಳಬೇಕು. ಯಶಸ್ವಿ ಉದ್ಯಮಿಯ ಕಥೆಯನ್ನು ಬರಿಗೈಯಲ್ಲಿ ಬಂದವನ ಕಥೆಯಾಗಿ ಹೇಳುವುದು ನಮ್ಮವರಿಗೆ ಇಷ್ಟ. ಕಾಮತರಿಗೆ ಅಣ್ಣನ ಹೋಟೆಲು ಇತ್ತು. ಗಿರಾಕಿಯ ಮುಖ ನೋಡಿ ಹಸಿವನ್ನು ಅಳೆಯುವುದನ್ನು ಅವರು ಅಲ್ಲಿ ಕಲಿತರು. ಕರಾವಳಿಯಿಂದ ಬಂದ ಸಾವಿರಾರು ಹುಡುಗರು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೇಲೆ ಬಂದಿದ್ದಾರೆ, ಅವರೆಲ್ಲರ ಹಿಂದೆಯೂ ಊಟ ಹಾಕಿದ ಒಬ್ಬ ಧಣಿ, ಮಲಗಲು ಜಾಗ ಕೊಟ್ಟ ಒಂದು ಸಂಘ, ಕೈಹಿಡಿದ ಒಬ್ಬ ಊರಿನವನು ಇದ್ದೇ ಇದ್ದಾನೆ. ಮಾಟುಂಗಾದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆಯಲ್ಲಿ ಊಟ ಬಡಿಸುತ್ತಿದೆ. ಅಂಥ ಮನೆಗಳು ಊಟದ ಜೊತೆಗೆ ಎರಡು ಮೂರು ತಲೆಮಾರುಗಳಿಗೆ ವ್ಯಾಪಾರದ ಶಿಸ್ತನ್ನೂ ಬಡಿಸಿವೆ. ನೆರವು ಪಡೆದದ್ದನ್ನು ಒಪ್ಪಿಕೊಳ್ಳುವುದರಿಂದ ಯಾರ ಸಾಧನೆಯೂ ಸಣ್ಣದಾಗುವುದಿಲ್ಲ. ಅಣ್ಣನ ಮಗನಿಗೆ ನಾನು ಒತ್ತಿ ಹೇಳಿದ್ದು ಇದನ್ನೇ: ನೌಕರಿಯನ್ನು ನಾಳೆಯೇ ಬಿಡಬೇಡ, ಶರಬತ್ತು ಮಾರುವ ಯಾರದಾದರೂ ಅಂಗಡಿಯಲ್ಲಿ ಆರು ತಿಂಗಳು ಶನಿವಾರ, ಭಾನುವಾರ ನಿಂತು ಬಾ.

ಮತ್ತೆ ಕಪ್ಪಿಗೆ ಬರುತ್ತೇನೆ. ಆ ಸಂಜೆ ನಾವಿಬ್ಬರೂ ನಾಲ್ಕು ಬಗೆಗಳನ್ನು ಹಂಚಿಕೊಂಡೆವು. ಸೀತಾಫಲಕ್ಕೆ ನನ್ನ ಮೊದಲ ಸ್ಥಾನ. ಎಳನೀರಿನದು ಅದಕ್ಕೆ ಬಹಳ ಸಮೀಪ. ಎಳನೀರಿನ ಗಂಜಿಗೆ ತನ್ನದೇ ಆದ ಒಂದು ದಿನವಿರುತ್ತದೆ. ಅದಕ್ಕಿಂತ ಮುಂಚೆ ತೆಗೆದರೆ ನೀರಾಗಿರುತ್ತದೆ, ತಡವಾದರೆ ಕೊಬ್ಬರಿಯ ಕಡೆಗೆ ಹೊರಳಿ ಹಲ್ಲಿಗೆ ತಾಗುತ್ತದೆ. ಇಲ್ಲಿನ ತುಣುಕುಗಳು ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿದರೆ ಸಾಕು ಸರಿಯುವಷ್ಟು ಎಳೆಯವಾಗಿದ್ದವು, ಹಾಲಿನ ವಾಸನೆ ಎಳನೀರಿನ ತೆಳು ಪರಿಮಳವನ್ನು ಮುಚ್ಚಿರಲಿಲ್ಲ. ಬೀದಿಯ ಎಳನೀರಿನವನ ಹತ್ತಿರ ಮಲಾಯಿಯದೇ ಬೇಕೆಂದು ಕೇಳಿ ಕೊಳ್ಳುವ ಮುಂಬಯಿಗರಿಗೆ ಈ ಬಗೆ ಯಾಕೆ ಇಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕುವಿನಲ್ಲಿ ಆ ಹಣ್ಣಿಗೆ ಸಹಜವಾದ ತರಿತರಿ ಮತ್ತು ಬೆಲ್ಲದ ಘಮ ಎರಡೂ ಇದ್ದವು. ಚಾಕೊಲೇಟು ಚೆನ್ನಾಗಿಯೇ ಇದೆ, ಆದರೆ ಚಾಕೊಲೇಟು ತಿನ್ನುವುದಕ್ಕೆ ಜುಹುವಿನವರೆಗೆ ಹೋಗುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹಣ್ಣಿರುವ ಕಡೆ ಹಣ್ಣನ್ನೇ ತಿನ್ನಬೇಕು.

ಋತುವಿಗೆ ತಕ್ಕಂತೆ ಹಣ್ಣುಗಳು ಬಂದು ಹೋಗುವುದರಿಂದ ಹೋಗುವ ತಿಂಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಬೇಸಗೆಯಲ್ಲಿ ಮಾವು ಮತ್ತು ಹಲಸು, ಮಳೆ ಹಿಡಿಯುವ ಹೊತ್ತಿಗೆ ನೇರಳೆ, ಶರದೃತುವಿನಲ್ಲಿ ಸೀತಾಫಲ, ಚಳಿಗಾಲಕ್ಕೆ ಸ್ಟ್ರಾಬೆರಿ. ಹಲಸಿನದನ್ನು ಕರಾವಳಿಯವರು ಒಮ್ಮೆ ತಿಂದು ನೋಡಲೇಬೇಕು. ನಮ್ಮಲ್ಲಿ ಹಲಸೆಂದರೆ ಗಟ್ಟಿ, ಮುಳ್ಕ, ಹಪ್ಪಳ ಎಂದು ಬೆಂಕಿಯ ಜೊತೆಗೇ ಬರುವ ಹಣ್ಣು, ಅದೇ ಪರಿಮಳ ತಣ್ಣಗೆ ಬಂದಾಗ ಮನಸ್ಸು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಬೆಲೆ ಕಡ್ಡಿ ಐಸ್‌ಕ್ರೀಮಿಗಿಂತ ಹೆಚ್ಚೇ. ಸೀತಾಫಲದ ಕಿಲೋ ದರವನ್ನೂ ಅದರಲ್ಲಿ ಬೀಜ ಸಿಪ್ಪೆ ಹೋಗಿ ಉಳಿಯುವ ತಿರುಳನ್ನೂ ಲೆಕ್ಕ ಹಾಕಿದವರಿಗೆ ಆ ಬೆಲೆ ಅನ್ಯಾಯವೆನಿಸದು. ಅಂಗಡಿ ದೊಡ್ಡದಲ್ಲ, ಹರಟುತ್ತ ಕೂರುವ ಜಾಗವೂ ಅಲ್ಲ. ಕೌಂಟರಿನವರು ರುಚಿ ನೋಡಲು ಚಮಚದಲ್ಲಿ ಕೊಡುತ್ತಾರೆ. ಮನೆಗೆ ಒಯ್ಯುವವರು ಲೋಕಲ್ ರೈಲಿನ ದೂರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮಿನಲ್ಲಿ ಹರಳು ಕಟ್ಟುತ್ತದೆ, ಅದರ ಮೇಲೆ ತೀರ್ಪು ಕೊಡುವುದು ಮಾಡಿದವರಿಗೆ ಮಾಡುವ ಅನ್ಯಾಯ.

ಸ್ಥಾಪಕರು ಹೋದ ಮೇಲೆ ಅಂಗಡಿ ಹಾಗೆಯೇ ಉಳಿಯುತ್ತದೆಯೇ ಎಂಬ ಚಿಂತೆಯೂ ನನ್ನನ್ನು ಅಲ್ಲಿಗೆ ಕರೆದೊಯ್ದಿತ್ತು. ಒಬ್ಬನ ಕೈಗುಣದ ಮೇಲೆ ನಿಂತ ಉದ್ಯಮ ಆ ಕೈ ಇಲ್ಲವಾದಾಗ ಕುಸಿಯುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಅಕ್ಟೋಬರಿನ ಆ ಕಪ್ಪಿನಲ್ಲಿ ಸೀತಾಫಲದ ಆ ಸಣ್ಣ ಹರಳು ನಾಲಿಗೆಗೆ ಸಿಕ್ಕಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ತನ್ನ ಕಣ್ಣನ್ನು ಯಂತ್ರಕ್ಕೂ ಕೆಲಸಗಾರರಿಗೂ ಹಂಚಿ ಹೋಗುವುದು, ಬಹುಶಃ, ಅಣ್ಣನ ಮಗನ ಪಟ್ಟಿಯಲ್ಲಿ ಇಲ್ಲದೆ ಹೋದ ಇನ್ನೊಂದು ಗುಣ.

ಹೊರಗೆ ಬಂದು ರಿಕ್ಷಾಕ್ಕೆ ಕಾಯುತ್ತಿದ್ದಾಗ ಅವನು ಪುಸ್ತಕ ತೆಗೆದು, ಗುಣಗಳ ಪುಟವನ್ನು ದಾಟಿ, ಹದಿನಾಲ್ಕು ಶರಬತ್ತುಗಳ ಪುಟವನ್ನು ಬಿಡಿಸಿದ. “ಅತ್ತೆ, ಪುನರ್ಪುಳಿ ಒಣಗಿಸುವಾಗ ಉಪ್ಪು ಹಾಕಿದರೆ ಬಣ್ಣ ಉಳಿಯುತ್ತದೋ, ಹೋಗುತ್ತದೋ?” ಎಂದು ಕೇಳಿದ. ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಊರಿನ ದೊಡ್ಡಮ್ಮನಿಗೆ ಗೊತ್ತಿರುತ್ತದೆ, ಮೇ ತಿಂಗಳಲ್ಲಿ ಹೋಗಿ ಅವರ ಜೊತೆ ಅಂಗಳದಲ್ಲಿ ಕುಳಿತು ಸ್ವತಃ ಒಣಗಿಸಿ ನೋಡು ಎಂದೆ. ಅವನು ಆ ಪುಟದ ಮೂಲೆಯಲ್ಲಿ ‘ಮೇ’ ಎಂದು ಬರೆದುಕೊಂಡ.